ಬೂದು ಟ್ರ್ಯಾಕ್ಟರನ್ನು ತಿದ್ದಿದ ಕೈಗಳು

1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಿಂದ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರೊಂದು ಹೊರಬರತೊಡಗಿತು. ಹೆಸರು ಫರ್ಗುಸನ್ ಟಿಇ-20. ತೂಕ ಒಂದು ಟನ್ನಿಗೆ ತುಸು ಹೆಚ್ಚು, ಶಕ್ತಿ ಸುಮಾರು 24 ಎಚ್‌ಪಿ. ಅದರ ಜೊತೆಗೆ ಒಂದು ಸ್ಪ್ಯಾನರನ್ನೂ ಕೊಡುತ್ತಿದ್ದರು. ರೈತ ಹೊಲದಲ್ಲೇ ಮಾಡಿಕೊಳ್ಳಬೇಕಾದ ದಿನನಿತ್ಯದ ಹೊಂದಿಕೆಗಳಲ್ಲಿ ಬಹುಪಾಲಿಗೆ ಆ ಒಂದೇ ಸ್ಪ್ಯಾನರ್ ಸಾಕಾಗುತ್ತಿತ್ತು. ಅದರ ಮೇಲೆ ಅಂಗುಲದ ಗುರುತುಗಳೂ ಇದ್ದುದರಿಂದ ಸಾಲಿನ ಆಳ, ಅಗಲ ನೋಡಲು ಬೇರೆ ಅಳತೆಪಟ್ಟಿ ಹುಡುಕಬೇಕಿರಲಿಲ್ಲ.

ಕೊಂಡವನು ಈ ಯಂತ್ರವನ್ನು ಬಿಚ್ಚುತ್ತಾನೆ, ಸರಿಸುತ್ತಾನೆ, ತಿದ್ದುತ್ತಾನೆ ಎಂಬುದನ್ನು ಕಾರ್ಖಾನೆಯೇ ಮೊದಲು ಒಪ್ಪಿಕೊಂಡಂತಿತ್ತು. ಹಾಗೇ ಆಯಿತು. 1956ರವರೆಗೆ ಬ್ಯಾನರ್ ಲೇನಿನಲ್ಲಿ 5,17,651 ಟಿಇ-20ಗಳು ತಯಾರಾದವು. ಕಾರ್ಖಾನೆ ಬಿಟ್ಟ ಮೇಲೆ ಅವುಗಳಿಗೆ ಜೋಡಿಸಿದ, ಕತ್ತರಿಸಿದ, ಬೆಸುಗೆ ಹಾಕಿದ ಭಾಗಗಳ ಕತೆಯೇ ಒಂದು ಬೇರೆ ಚರಿತ್ರೆ. ಇಂದು ಷೋರೂಮಿನ ಹೊಸ ಟ್ರ್ಯಾಕ್ಟರಿನ ಜೊತೆಗೇ ಬರುವ ಎಷ್ಟೋ ಅನುಕೂಲಗಳು ಒಂದು ಕಾಲದಲ್ಲಿ ಯಾರೋ ಹಳೆಯ ಗಾಡಿಗೆ ಹಾಕಿಕೊಂಡ ತೇಪೆಗಳು.

ಈ ಟ್ರ್ಯಾಕ್ಟರಿನ ಹುಟ್ಟಿನ ಹಿಂದೆ ಇರುವುದೂ ಒಂದು ರಿಪೇರಿ ಕೆಲಸವೇ. ಹ್ಯಾರಿ ಫರ್ಗುಸನ್ ಐರ್ಲೆಂಡಿನ ಡೌನ್ ಕೌಂಟಿಯ ರೈತನ ಮಗ, 1884ರಲ್ಲಿ ಹುಟ್ಟಿದವನು. ಹೊಲದ ದುಡಿಮೆ ಒಗ್ಗದೆ ಬೆಲ್‌ಫಾಸ್ಟಿನಲ್ಲಿ ಮೋಟಾರು ಗ್ಯಾರೇಜಿಗೆ ಸೇರಿದ. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನ ಹಾರಿಸಿ ಐರ್ಲೆಂಡಿನ ಮೊದಲ ವಿಮಾನ ಹಾರಾಟಗಾರನೆನಿಸಿಕೊಂಡ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಅಲ್ಲಿನ ಕೃಷಿ ಇಲಾಖೆ ಅವನಿಗೊಂದು ಹೊಣೆ ವಹಿಸಿತು: ಊರೂರು ತಿರುಗಿ ಟ್ರ್ಯಾಕ್ಟರುಗಳ ಸ್ಥಿತಿ ನೋಡುವುದು, ಅವುಗಳಿಂದ ಸರಿಯಾಗಿ ಕೆಲಸ ತೆಗೆಯುವುದನ್ನು ರೈತರಿಗೆ ಕಲಿಸುವುದು. ತನ್ನ ಗ್ಯಾರೇಜಿನ ಮೆಕ್ಯಾನಿಕ್ ವಿಲ್ಲಿ ಸ್ಯಾಂಡ್ಸ್‌ನನ್ನು ಕರೆದುಕೊಂಡು ಫರ್ಗುಸನ್ ಹಳ್ಳಿ ಸುತ್ತಿದ.

ಸುತ್ತಿದಾಗ ಕಂಡದ್ದು, ಕುದುರೆಗೆ ಮಾಡಿದ ನೇಗಿಲನ್ನೇ ಸರಪಳಿಯಲ್ಲಿ ಎಳೆಯುತ್ತಿದ್ದ ಯಂತ್ರಗಳು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಕುದುರೆ ನಿಂತುಬಿಡುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಹಿಂದಿನ ಚಕ್ರ ನೆಲ ಕಚ್ಚಿ ನಿಂತರೆ ಎಂಜಿನ್ನಿನ ಬಲವೆಲ್ಲ ಮೂತಿಯನ್ನು ಮೇಲೆತ್ತಲು ಹೋಗುತ್ತದೆ. ಮುಂದಿನ ವರ್ಷಗಳಲ್ಲಿ ಎಲ್ಲೆಡೆ ಹರಡಿದ ಫೋರ್ಡ್‌ಸನ್ ಟ್ರ್ಯಾಕ್ಟರ್ ಹೀಗೆ ಹಿಂದಕ್ಕೆ ಮಗುಚಿ ಚಾಲಕರನ್ನು ಬಲಿ ತೆಗೆದುಕೊಳ್ಳುವುದಕ್ಕೆ ಕುಖ್ಯಾತವಾಗಿತ್ತು.

ಫರ್ಗುಸನ್ ಮತ್ತು ಅವನ ಸಂಗಡಿಗರು ಟ್ರ್ಯಾಕ್ಟರನ್ನು ಮುಟ್ಟದೆ ಜೋಡಣೆಯನ್ನು ಬದಲಿಸಿದರು. ನೇಗಿಲು ಇನ್ನು ಎಳೆದೊಯ್ಯುವ ಹೊರೆಯಾಗಿರಬಾರದು, ಟ್ರ್ಯಾಕ್ಟರಿನದೇ ಅಂಗವಾಗಬೇಕು ಎಂಬುದು ಅವರ ಲೆಕ್ಕಾಚಾರ. ಮೊದಲು ಒಂದರ ಮೇಲೊಂದು ಎರಡು ಕಡ್ಡಿಗಳ ಜೋಡಣೆ ಬಂತು. ಅದಕ್ಕೆ ಹೈಡ್ರಾಲಿಕ್ ಸೇರಿಸಿ 1925ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಕೊನೆಗೆ ಉಳಿದದ್ದು ನಮ್ಮ ರೈತರಿಗೂ ಚಿರಪರಿಚಿತವಾದ ಮೂರು ಬಿಂದುಗಳ ಜೋಡಣೆ: ಕೆಳಗೆ ಎಡಬಲದಲ್ಲಿ ಎರಡು ಕೈ, ನಡುವೆ ಮೇಲೊಂದು ಟಾಪ್ ಲಿಂಕ್.

ಇದರ ಜಾಣತನವೆಲ್ಲ ಟಾಪ್ ಲಿಂಕಿನಲ್ಲಿದೆ. ಉಳುವಾಗ ನೇಗಿಲು ಮುಂದಕ್ಕೆ ಉರುಳಲು ನೋಡುತ್ತದೆ. ಆ ಒತ್ತಡ ಟಾಪ್ ಲಿಂಕಿನ ಮೂಲಕ ಟ್ರ್ಯಾಕ್ಟರನ್ನು ತಳ್ಳುತ್ತದೆ. ಎಳೆಯುತ್ತಿರುವಾಗಲೂ ಮೂತಿ ಏಳದೆ ನೆಲಕ್ಕೆ ಕಚ್ಚಿಕೊಳ್ಳುವುದು ಇದರಿಂದಲೇ. ಮಣ್ಣು ಗಟ್ಟಿಯಾಗಿ ಒತ್ತಡ ಹೆಚ್ಚಿದರೆ ಅಲ್ಲಿರುವ ಸ್ಪ್ರಿಂಗ್ ಕುಗ್ಗಿ ಹೈಡ್ರಾಲಿಕ್ ಕವಾಟ ತೆರೆಯುತ್ತದೆ, ನೇಗಿಲು ತುಸು ಮೇಲೇಳುತ್ತದೆ, ಅದರ ಭಾರ ಹಿಂದಿನ ಚಕ್ರಕ್ಕೆ ವರ್ಗವಾಗಿ ಹಿಡಿತ ಹೆಚ್ಚುತ್ತದೆ. ಎಂಜಿನ್ ದೊಡ್ಡದಾಗಬೇಕಿಲ್ಲ, ಮೈ ಭಾರವಾಗಬೇಕಿಲ್ಲ. ಸಣ್ಣ ಟ್ರ್ಯಾಕ್ಟರ್ ದೊಡ್ಡದರ ಕೆಲಸ ಮಾಡಬಲ್ಲದು ಎಂಬ ನಂಬಿಕೆಗೆ ಆಧಾರ ಸಿಕ್ಕಿದ್ದು ಇಲ್ಲಿ.

ವ್ಯಾಪಾರದ ಕತೆಯನ್ನು ಬೇಗ ಹೇಳಿ ಮುಗಿಸಬಹುದು. 1936ರಲ್ಲಿ ಡೇವಿಡ್ ಬ್ರೌನ್ ಕಂಪನಿಯ ಜೊತೆ ಮೊದಲ ಟ್ರ್ಯಾಕ್ಟರ್ ಬಂತು. 1938ರಲ್ಲಿ ಹೆನ್ರಿ ಫೋರ್ಡ್‌ನೊಂದಿಗೆ ಬರೀ ಕೈಕುಲುಕಿ ಒಪ್ಪಂದವಾಯಿತು, ಮರುವರ್ಷ ಅಮೆರಿಕದಲ್ಲಿ ಫೋರ್ಡ್ 9ಎನ್ ಹೊರಬಂತು. ಯುದ್ಧ ಮುಗಿದ ಮೇಲೆ ಮೊಮ್ಮಗ ಎರಡನೇ ಹೆನ್ರಿ ಫೋರ್ಡ್ ಒಪ್ಪಂದ ಮುರಿದ. ಫರ್ಗುಸನ್ ಕೋರ್ಟಿಗೆ ಹೋದ. 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಆ ಹೊತ್ತಿಗೆ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ಬೂದು ಟ್ರ್ಯಾಕ್ಟರ್ ಲಕ್ಷಗಟ್ಟಲೆ ತಯಾರಾಗುತ್ತಿತ್ತು.

ಮೊದಲ ತಿದ್ದುಪಡಿಗೆ ಕಾರ್ಖಾನೆಯೇ ದಾರಿ ಬಿಟ್ಟಿತ್ತು. ಹಿಂದಿನ ಚಕ್ರದ ರಿಮ್ಮನ್ನೂ ತಟ್ಟೆಯನ್ನೂ ತಿರುಗಿಸಿ ಮಗುಚಿ ಕೂರಿಸಿದರೆ ಎರಡು ಚಕ್ರಗಳ ನಡುವಿನ ಅಂತರವನ್ನು 48 ಅಂಗುಲದಿಂದ 76 ಅಂಗುಲದವರೆಗೆ, ನಾಲ್ಕು ನಾಲ್ಕು ಅಂಗುಲದಂತೆ, ಹೆಚ್ಚಿಸಬಹುದಿತ್ತು. ಮುಂದಿನ ಆಕ್ಸಲ್ ಮೂರು ತುಂಡಿನದು. ಸ್ಟಿಯರಿಂಗ್ ಕಡ್ಡಿಗಳನ್ನು ಮುಟ್ಟದೆಯೇ ಅದನ್ನು ಉದ್ದ ಮಾಡಬಹುದಿತ್ತು. ಆಲೂಗಡ್ಡೆ ಸಾಲಿಗೆ ಒಂದು ಅಗಲ, ಉಳುಮೆಗೆ ಇನ್ನೊಂದು. ದ್ರಾಕ್ಷಿ ತೋಟದ ಕಿರಿದಾದ ಸಾಲುಗಳಿಗೆ ಇದೂ ಸಾಲದೆ ಬಂದಾಗ ಕಂಪನಿಯೇ ಮೈಕಟ್ಟು ಕುಗ್ಗಿಸಿದ ಬೇರೆ ಮಾದರಿ ಹೊರತಂದಿತು.

ಎರಡನೆಯದು ಇಂಧನದ ತಲೆನೋವು. ಬ್ರಿಟನ್ನಿನಲ್ಲಿ 1950ರವರೆಗೆ ಪೆಟ್ರೋಲಿಗೆ ಪಡಿತರ. ಹಾಗಾಗಿ ಸೀಮೆಎಣ್ಣೆಯ ಜಾತಿಯ ಅಗ್ಗದ ಎಣ್ಣೆಯಲ್ಲಿ ಓಡುವ ಮಾದರಿ 1949ರಲ್ಲಿ ಬಂತು. ಪೆಟ್ರೋಲಿನಲ್ಲಿ ಚಾಲು ಮಾಡಿ, ಎಂಜಿನ್ ಕಾದ ಮೇಲೆ ಎಣ್ಣೆಗೆ ಬದಲಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲು. ನಮ್ಮಲ್ಲಿ ಸೀಮೆಎಣ್ಣೆ ಪಂಪ್‌ಸೆಟ್ಟು ಓಡಿಸಿದವರಿಗೆ ಈ ಕ್ರಮ ಹೊಸದಲ್ಲ. ಪೂರ್ತಿ ಉರಿಯದ ಎಣ್ಣೆ ಸಿಲಿಂಡರಿನ ಗೋಡೆಯಿಂದ ಇಳಿದು ಕೆಳಗಿನ ಎಂಜಿನ್ ಆಯಿಲ್ಲಿಗೆ ಸೇರುತ್ತಿತ್ತು, ಆಯಿಲ್ ತೆಳ್ಳಗಾಗಿ ಬೇರಿಂಗುಗಳು ಸವೆಯುತ್ತಿದ್ದವು. ಅಳತೆ ಕಡ್ಡಿ ಎಳೆದು ನೋಡಿದರೆ ಆಯಿಲ್ ಕಡಿಮೆಯಾಗುವ ಬದಲು ಏರಿರುತ್ತಿತ್ತು. ಅದನ್ನು ಕಂಡು ಹಿಗ್ಗಿದವನ ಎಂಜಿನ್ ಬೇಗ ಕೆಟ್ಟಿತು, ಸಂಶಯಪಟ್ಟು ಆಯಿಲ್ ಬದಲಿಸಿದವನದು ಉಳಿಯಿತು.

ಇದಕ್ಕೆ ಕೆಲವರು ಕಂಡುಕೊಂಡ ಪರಿಹಾರ ಎಂಜಿನ್ನನ್ನೇ ಕಿತ್ತುಹಾಕುವುದು. ಪೀಟರ್‌ಬರೋ ನಗರದ ಪರ್ಕಿನ್ಸ್ ಕಂಪನಿ ತನ್ನ ಪಿ3 ಎಂಬ ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಫರ್ಗುಸನ್ನಿಗೆ ಕೂರಿಸಲು ಬೇಕಾದ ಸಾಮಾನುಗಳ ಸಮೇತ ಮಾರತೊಡಗಿತು. ಕಾರ್ಖಾನೆಯದೇ ಡೀಸೆಲ್ ಮಾದರಿ 1951ರಲ್ಲಿ ಬಂದರೂ ಪರ್ಕಿನ್ಸ್ ಹಾಕಿಸಿಕೊಂಡವರು ಅದನ್ನು ಬಿಡಲಿಲ್ಲ. 1953ರಲ್ಲಿ ಫರ್ಗುಸನ್ ಕಂಪನಿ ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಜೊತೆ ಸೇರಿತು. ಬೂದು ಟ್ರ್ಯಾಕ್ಟರಿನ ಉತ್ತರಾಧಿಕಾರಿಯಾಗಿ ಬಂದ 35 ಎಂಬ ಮಾದರಿಗೆ 1959ರಲ್ಲಿ ಕಾರ್ಖಾನೆಯಲ್ಲೇ ಮೂರು ಸಿಲಿಂಡರಿನ ಪರ್ಕಿನ್ಸ್ ಕೂತಿತು. ಹೊರಗಿನವರ ಮಾರ್ಪಾಡು ಹತ್ತು ವರ್ಷದೊಳಗೆ ಕಂಪನಿಯ ಮೂಲ ವಿನ್ಯಾಸವಾಗಿಬಿಟ್ಟಿತು.

ಮೂರನೆಯ ತೊಡಕು ಇನ್ನೂ ಅಪಾಯದ್ದು. ಟಿಇ-20ರಲ್ಲಿ ಹಿಂದೆ ಕಟ್ಟಿದ ಉಪಕರಣ ತಿರುಗಿಸುವ ಪಿಟಿಒ ದಂಡವೂ ಹೈಡ್ರಾಲಿಕ್ ಪಂಪೂ ಒಂದೇ ಕ್ಲಚ್ಚಿಗೆ ಕಟ್ಟುಬಿದ್ದಿದ್ದವು. ಕ್ಲಚ್ ಒತ್ತಿದರೆ ಟ್ರ್ಯಾಕ್ಟರಿನ ಜೊತೆಗೆ ಲಿಫ್ಟೂ ನಿಲ್ಲುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಹುಲ್ಲು ಸವರುವ ಭಾರದ ಬ್ಲೇಡು ಹಿಂದೆ ತಿರುಗುತ್ತಿರುವಾಗ ಕ್ಲಚ್ ಒತ್ತಿದರೂ ಬ್ಲೇಡಿನ ವೇಗವೇ ಪಿಟಿಒ ಮೂಲಕ ಗೇರ್‌ಬಾಕ್ಸಿಗೆ ಹರಿದು ಗಾಡಿಯನ್ನು ಮುಂದಕ್ಕೆ ತಳ್ಳುತ್ತಿತ್ತು. ಮುಂದೆ ಬೇಲಿಯೋ ಹಳ್ಳವೋ ಇದ್ದರೆ ಮುಗಿಯಿತು. ಪಿಟಿಒ ತುದಿಗೆ ಒಂದೇ ದಿಕ್ಕಿಗೆ ಬಲ ಸಾಗಿಸುವ ಫ್ರೀವ್ಹೀಲ್ ಜೋಡಣೆ ಹಾಕುವುದೇ ಇದಕ್ಕೆ ಮದ್ದು. ಸೈಕಲ್ಲಿನ ಹಿಂಚಕ್ರ ತಿರುಗುತ್ತಿದ್ದರೂ ಪೆಡಲ್ ಸುಮ್ಮನೆ ನಿಲ್ಲುವಂತೆ, ಬ್ಲೇಡು ತನ್ನ ಪಾಡಿಗೆ ತಿರುಗಿ ನಿಲ್ಲುತ್ತದೆ, ಗಾಡಿಗೆ ತಗಲುವುದಿಲ್ಲ. ಹಳೆಯ ಫರ್ಗುಸನ್ ಮತ್ತು ಫೋರ್ಡ್‌ಗಳನ್ನು ಇಂದಿಗೂ ದುಡಿಸುವವರು ಮೊದಲು ಕೊಳ್ಳುವ ಸಾಮಾನು ಇದು. 35ರ ಮಾದರಿಯಲ್ಲಿ ಎರಡು ಹಂತದ ಕ್ಲಚ್ ಬಂದು, ಅರ್ಧ ಒತ್ತಿದರೆ ಗಾಡಿ ನಿಂತು ಪಿಟಿಒ ತಿರುಗುತ್ತಿರುವ ವ್ಯವಸ್ಥೆಯಾಯಿತು.

ವೇಗದ್ದೂ ಒಂದು ಸಮಸ್ಯೆ ಇತ್ತು. ಆಸ್ಟ್ರೇಲಿಯಾದ ಕ್ಲಿಫರ್ಡ್ ಹೋವರ್ಡ್ ಎಂಬವನು 1912ರಲ್ಲಿ ಗಿಲ್‌ಗಾಂಡ್ರದ ತನ್ನ ತಂದೆಯ ಹೊಲದಲ್ಲಿ ತಿರುಗುವ ಅಲಗುಗಳಿಂದ ಮಣ್ಣು ಪುಡಿಮಾಡುವ ಪ್ರಯೋಗ ಆರಂಭಿಸಿ, ಆಮೇಲೆ ಇಂಗ್ಲೆಂಡಿನಲ್ಲಿ ಕಾರ್ಖಾನೆ ಹಾಕಿದ್ದ. ಇಂದು ಕರ್ನಾಟಕದ ಪ್ರತಿ ಹೋಬಳಿಯಲ್ಲೂ ಬಾಡಿಗೆಗೆ ಸಿಗುವ ರೋಟವೇಟರ್ ಅವನ ಕೂಸು. ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಅಲಗು ಜೋರಾಗಿ ತಿರುಗಬೇಕು, ಗಾಡಿ ಆಮೆ ನಡಿಗೆಯಲ್ಲಿ ಸಾಗಬೇಕು. ಬೂದು ಫರ್ಗುಸನ್ನಿನ ನಾಲ್ಕು ಗೇರುಗಳಲ್ಲಿ ಮೊದಲನೆಯದೂ ಇದಕ್ಕೆ ಅತಿವೇಗ. ಅದಕ್ಕೆಂದೇ ವೇಗ ತಗ್ಗಿಸುವ ಹೆಚ್ಚುವರಿ ಗೇರ್‌ಬಾಕ್ಸುಗಳು ಮಾರುಕಟ್ಟೆಗೆ ಬಂದವು. ಅಮೆರಿಕದಲ್ಲಿ ಫೋರ್ಡ್ ಟ್ರ್ಯಾಕ್ಟರಿಗೆ ಇಂಥದೇ ಕೆಲಸಕ್ಕೆ ಶರ್ಮನ್ ಗೇರ್‌ಬಾಕ್ಸ್ ಹೆಸರಾಯಿತು. ಇನ್ನೊಂದು ತುದಿಗೆ ಹೋದವರೂ ಇದ್ದರು: ಕ್ಯಾನ್ಸಸ್ ರಾಜ್ಯದ ಕಾಫಿವಿಲ್ ಊರಿನ ಫಂಕ್ ಎಂಬ ವಿಮಾನ ಕಂಪನಿ ಪುಟ್ಟ ಫೋರ್ಡ್ 8ಎನ್‌ಗೆ ಎಂಟು ಸಿಲಿಂಡರಿನ ಕಾರಿನ ಎಂಜಿನ್ ಕೂರಿಸುವ ಸಾಮಾನು ಮಾರಿತು.

ಬೆಸುಗೆಯ ಕೋಣೆಯಿಂದ ಹೊರಟ ತಿದ್ದುಪಡಿಯೊಂದು ಟ್ರ್ಯಾಕ್ಟರಿನಿಂದಲೇ ಬೇರ್ಪಟ್ಟು ಹೊಸ ಯಂತ್ರವಾದದ್ದೂ ಉಂಟು. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ 1945ರಲ್ಲಿ ಇಂಗ್ಲೆಂಡಿನ ಅಟಾಕ್ಸಿಟರ್ ಊರಿನಲ್ಲಿ ಸಣ್ಣ ಗ್ಯಾರೇಜು ಬಾಡಿಗೆಗೆ ಹಿಡಿದು, ಯುದ್ಧದಲ್ಲಿ ಉಳಿದ ಗುಜರಿಯಿಂದ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರ್ ಮಾಡಿದ. ಸಂತೆಯಲ್ಲಿ ಅದು 45 ಪೌಂಡಿಗೆ ಮಾರಾಟವಾಯಿತು. ಆಮೇಲೆ ಫೋರ್ಡ್‌ಸನ್ ಮೇಜರ್ ಟ್ರ್ಯಾಕ್ಟರಿನ ಮುಂದಕ್ಕೆ ಹೈಡ್ರಾಲಿಕ್ ಲೋಡರ್ ಜೋಡಿಸಿದ. 1953ರಲ್ಲಿ ಮುಂದೆ ಲೋಡರ್, ಹಿಂದೆ ಅಗೆಯುವ ಕೈ ಎರಡನ್ನೂ ಕೂಡಿಸಿದ. ಅವನ ಹೆಸರಿನ ಮೂರು ಅಕ್ಷರ ಇಂದು ನಮ್ಮ ಹಳ್ಳಿಗಳಲ್ಲಿ ಆ ಯಂತ್ರಕ್ಕೇ ಹೆಸರು: ಜೆಸಿಬಿ.

ಬೂದು ಟ್ರ್ಯಾಕ್ಟರನ್ನು ಅತಿ ದೂರಕ್ಕೆ ಒಯ್ದದ್ದು ಮಾತ್ರ ರೈತರಲ್ಲ. ಎವರೆಸ್ಟ್ ಏರಿ ಬಂದಿದ್ದ ಎಡ್ಮಂಡ್ ಹಿಲರಿ 1957ರ ಅಕ್ಟೋಬರ್ 14ರಂದು ಅಂಟಾರ್ಕ್ಟಿಕದ ಸ್ಕಾಟ್ ನೆಲೆಯಿಂದ ಮೂರು ಫರ್ಗುಸನ್ ಮತ್ತು ವೀಸಲ್ ಎಂಬ ಒಂದು ಹಿಮವಾಹನದೊಂದಿಗೆ ದಕ್ಷಿಣಕ್ಕೆ ಹೊರಟ. ಟ್ರ್ಯಾಕ್ಟರಿನ ಮುಂದಿನ, ಹಿಂದಿನ ಚಕ್ರಗಳ ನಡುವೆ ಇನ್ನೊಂದು ಚಕ್ರ ಸೇರಿಸಿ, ಮೂರನ್ನೂ ಬಳಸುವ ಪಟ್ಟಾ ಸುತ್ತಿದ್ದರು. ಚಾಲಕನಿಗೆ ಗಾಳಿ ತಡೆಯಲು ಕ್ಯಾನ್ವಾಸ್ ಮರೆ. ಹಿಂದೆ ಎಳೆಯುತ್ತಿದ್ದ ಹಿಮಗಾಡಿಗಳಲ್ಲಿ ಒಂದರ ಮೇಲೆ ಮಲಗಲು, ಅಡುಗೆ ಮಾಡಲು ಪುಟ್ಟ ಕೋಣೆ ಕಟ್ಟಿದ್ದರು. ಹಿಮದ ಬಿರುಕಿನೊಳಗೆ ಒಂದು ಬಿದ್ದರೆ ಉಳಿದವು ಹಿಡಿದಿಡಲೆಂದು ಗಾಡಿಗಳನ್ನು ದಪ್ಪ ಹಗ್ಗದಿಂದ ಒಂದಕ್ಕೊಂದು ಬಿಗಿದಿದ್ದರು. ಜಿಮ್ ಬೇಟ್ಸ್, ಮರ್ರೆ ಎಲ್ಲಿಸ್ ಎಂಬ ಇಬ್ಬರು ಎಂಜಿನಿಯರುಗಳು ದಾರಿಯುದ್ದಕ್ಕೂ ರಿಪೇರಿ ಮಾಡುತ್ತ ಬಂದರು.

ಹಿಮದಲ್ಲಿ ಓಡಲೆಂದೇ ಹುಟ್ಟಿದ್ದ ವೀಸಲ್ ನಡುದಾರಿಯಲ್ಲಿ ಕೈಕೊಟ್ಟಿತು. ಹೊಲಕ್ಕೆ ಹುಟ್ಟಿದ್ದ ಮೂರು ಫರ್ಗುಸನ್‌ಗಳು 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದವು. ನೆಲದ ಮೇಲೆ ಪಯಣಿಸಿ ಅಲ್ಲಿ ಮುಟ್ಟಿದ ಮೊದಲ ಮೋಟಾರು ವಾಹನಗಳು ಅವು. ಹಾಗೆ ನೆಲದ ದಾರಿಯಲ್ಲಿ ಹೋದ ಮನುಷ್ಯರ ಲೆಕ್ಕದಲ್ಲಿ ಅಮುಂಡ್ಸೆನ್, ಸ್ಕಾಟ್ ತಂಡಗಳ ನಂತರ ಮೂರನೆಯ ತಂಡ.

ಇಷ್ಟೆಲ್ಲ ಆದರೂ ಮಗುಚುವ ಅಪಾಯ ಪೂರ್ತಿ ಹೋಗಿರಲಿಲ್ಲ. ಫರ್ಗುಸನ್ನಿನ ಜೋಡಣೆ ಕಾಪಾಡುವುದು ಅದರ ಕ್ರಮದಲ್ಲಿ ಬಳಸಿದಾಗ ಮಾತ್ರ. ಮರದ ಬುಡ ಕೀಳಲು ಸರಪಳಿಯನ್ನು ಟಾಪ್ ಲಿಂಕಿನ ಜಾಗಕ್ಕೋ ಆಕ್ಸಲ್ಲಿನ ಮೇಲಕ್ಕೋ ಕಟ್ಟಿ ಎಳೆದರೆ ಹಳೆಯ ಫೋರ್ಡ್‌ಸನ್ನಿನಂತೆಯೇ ಮೂತಿ ಏಳುತ್ತದೆ. ಇಳಿಜಾರಿನಲ್ಲಿ ಪಕ್ಕಕ್ಕೆ ಉರುಳುವುದಕ್ಕಂತೂ ಅದರಲ್ಲಿ ಮದ್ದೇ ಇಲ್ಲ. ಸ್ವೀಡನ್ 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಕಡ್ಡಾಯ ಮಾಡಿತು, ಬ್ರಿಟನ್ 1970ರಲ್ಲಿ. ಹಳೆಯ ಟ್ರ್ಯಾಕ್ಟರುಗಳಿಗೆ ಹಿಂಬದಿಯ ಆಕ್ಸಲ್ಲಿಗೆ ಬೋಲ್ಟು ಮಾಡುವ ಕಮಾನುಗಳು ಬಂದವು. ಜೊತೆಗೆ ಸೀಟ್ ಬೆಲ್ಟ್ ಇಲ್ಲದಿದ್ದರೆ ಕಮಾನಿನ ರಕ್ಷಣೆ ಪೂರ್ತಿಯಾಗದು: ಗಾಡಿ ಉರುಳಿದಾಗ ಚಾಲಕ ಹೊರಕ್ಕೆ ಎಸೆಯಲ್ಪಟ್ಟು ಅದೇ ಕಮಾನಿನಡಿ ಸಿಕ್ಕಿಕೊಳ್ಳಬಹುದು.

ಈ ವಂಶ ದಕ್ಷಿಣ ಭಾರತಕ್ಕೆ ಬಂದದ್ದು ಮದರಾಸಿನ ಮೂಲಕ. 1960ರಲ್ಲಿ ಅಲ್ಲಿ ಮ್ಯಾಸ್ಸಿ ಫರ್ಗುಸನ್ ಸಹಯೋಗದಲ್ಲಿ ಟಾಫೆ ಕಂಪನಿ ಹುಟ್ಟಿತು. ಅದೇ ಉದ್ಯಮ ಸಮೂಹದ ಸಿಂಪ್ಸನ್ ಕಂಪನಿ ಪರ್ಕಿನ್ಸ್ ವಿನ್ಯಾಸದ ಡೀಸೆಲ್ ಎಂಜಿನ್ ಮಾಡುತ್ತಿತ್ತು. ಇಂಗ್ಲೆಂಡಿನ ರೈತರು ಬಿಡಿಯಾಗಿ ಕೊಂಡು ಕೂರಿಸಿಕೊಂಡಿದ್ದ ಜೋಡಿ ನಮ್ಮ ರೈತನಿಗೆ ಸಿದ್ಧವಾಗಿಯೇ ಸಿಕ್ಕಿತು. ಮುಂದೆ ಟಾಫೆಯ ಘಟಕ ದೊಡ್ಡಬಳ್ಳಾಪುರಕ್ಕೂ ಬಂತು. ಇನ್ನೂ ಸಣ್ಣ ಹಿಡುವಳಿಗೆ ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಸಹಯೋಗದ ಪವರ್ ಟಿಲ್ಲರ್ ಕೊಟ್ಟಿತು. ಅಡಿಕೆ, ದ್ರಾಕ್ಷಿ ಸಾಲಿನ ನಡುವೆ ನುಗ್ಗುವ ಪುಟ್ಟ ಟ್ರ್ಯಾಕ್ಟರುಗಳನ್ನೂ ಆಮೇಲೆ ಅದೇ ಕಂಪನಿ ಮಾಡಿತು.

ತಿದ್ದುವ ಕೆಲಸ ಇಲ್ಲಿ ಹೊಸದಾಗಿ ಶುರುವಾಯಿತು. ಗಂಗಾವತಿ, ಸಿಂಧನೂರು, ಮಂಡ್ಯದ ಗದ್ದೆಗಳಲ್ಲಿ ರಬ್ಬರ್ ಟೈರು ಕೆಸರಿನಲ್ಲಿ ಜಾರಿ ಹೂತುಹೋಗುತ್ತದೆ. ಅದಕ್ಕೆ ಕಬ್ಬಿಣದ ಪಟ್ಟಿಗಳ ಕೇಜ್ ವೀಲ್: ಕೆಲವು ಕಡೆ ಟೈರಿನ ಪಕ್ಕಕ್ಕೆ ಬಿಗಿಯುವ ಅರ್ಧ ಚಕ್ರ, ಕೆಲವು ಕಡೆ ಟೈರು ಕಳಚಿ ಪೂರ್ತಿ ಕಬ್ಬಿಣದ್ದು. ಅದು ಗಾಡಿಯನ್ನು ಹೂತುಹೋಗದಂತೆ ಹೊರುತ್ತದೆ, ಕೆಸರನ್ನೂ ಕಡೆಯುತ್ತದೆ. ಟಾರು ರಸ್ತೆಗೆ ಇಳಿಸಿದರೆ ರಸ್ತೆಯನ್ನೇ ಕಿತ್ತುಹಾಕುತ್ತದೆ, ಹಾಗಾಗಿ ಬಿಚ್ಚಿ ಟ್ರೇಲರಿನಲ್ಲಿ ಹೊತ್ತೊಯ್ಯಬೇಕು.

ಕಬ್ಬಿನ ಸೀಮೆಯ ತೊಂದರೆ ಬೇರೆ. ಬೆಳಗಾವಿ, ಬಾಗಲಕೋಟೆಯ ರಸ್ತೆಗಳಲ್ಲಿ ಕಬ್ಬು ತುಂಬಿದ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಮುಂದಿನ ಚಕ್ರ ದಿಬ್ಬದಲ್ಲಿ ಗಾಳಿಯಲ್ಲಿ ತೇಲುವುದನ್ನು ಕಂಡವರು ಬಹಳ. ಫರ್ಗುಸನ್ 1917ರಲ್ಲಿ ಕಂಡ ಅದೇ ಭೌತಶಾಸ್ತ್ರ. ಚಾಲಕರು ಮುಂದಿನ ಬಂಪರಿಗೆ ಕಬ್ಬಿಣದ ಗಟ್ಟಿಗಳನ್ನು ತೂಗುಹಾಕುತ್ತಾರೆ. ಹಿಂದಿನ ಚಕ್ರ ಜಾರದಂತೆ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸುವ ಪದ್ಧತಿಯೂ ಇದೆ. ಚಳಿ ದೇಶಗಳಲ್ಲಿ ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ ರಿಮ್ಮು ತುಕ್ಕು ಹಿಡಿಸಿಕೊಂಡರು, ಇಲ್ಲಿ ಬಾವಿಯ ನೀರೇ ಸಾಕು. ಇನ್ನು ಬಿಸಿಲಿಗೆ ತಗಡಿನ ಚಾವಣಿ, ಅದಕ್ಕೆ ನೇತುಹಾಕಿದ ಎರಡು ದೊಡ್ಡ ಸ್ಪೀಕರುಗಳು. ಅವುಗಳ ಉಪಯೋಗ ಪಕ್ಕದ ಹೊಲದವರಿಗೂ ತಲುಪುತ್ತದೆ.

ನಿಗಾ ವಹಿಸುವ ವಿಷಯದಲ್ಲಿ ಬೂದು ಟ್ರ್ಯಾಕ್ಟರ್ ಬಿಟ್ಟುಹೋದ ಪಾಠಗಳು ಬಹುತೇಕ ಹಾಗೆಯೇ ಉಳಿದಿವೆ. ಅದರಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲ್. ಗೇರ್ ಲಿವರಿನ ಬುಡದ ರಬ್ಬರ್ ಹರಿದರೆ ಮಳೆನೀರು ಒಳಗಿಳಿದು ಆಯಿಲ್ ಬೆಳ್ಳಗಾಗುತ್ತದೆ; ಮೊದಲು ಲಿಫ್ಟ್ ನಿಧಾನವಾಗುತ್ತದೆ, ಆಮೇಲೆ ಏಳುವುದೇ ಇಲ್ಲ. ಇಂಥ ಗಾಡಿ ಲಿಫ್ಟ್ ಪಂಪಿನ ದೋಷವೆಂದು ಗ್ಯಾರೇಜಿಗೆ ಬರುತ್ತದೆ, ಬೇಕಾಗಿದ್ದದ್ದು ಒಂದು ರಬ್ಬರ್ ಮುಚ್ಚಳ ಮತ್ತು ಹೊಸ ಆಯಿಲ್. ಕೆಸರುಗದ್ದೆಯಲ್ಲಿ ದುಡಿದ ಗಾಡಿಯ ಆಕ್ಸಲ್ ಸೀಲುಗಳದ್ದೂ ಇದೇ ಪಾಡು.

ಏರ್ ಕ್ಲೀನರಿನದು ಒಣ ಸೀಮೆಯ ಕತೆ. ಹಳೆಯ ಮಾದರಿಗಳಲ್ಲಿ ಗಾಳಿ ಒಂದು ಬಟ್ಟಲಿನ ಆಯಿಲ್ಲಿನ ಮೇಲೆ ಹಾದು ಧೂಳು ಕಳೆದುಕೊಂಡು ಎಂಜಿನ್ನಿಗೆ ಹೋಗುತ್ತದೆ. ರಾಗಿ, ಜೋಳದ ಒಕ್ಕಣೆಯ ಹೊಟ್ಟಿನಲ್ಲಿ ಒಂದೇ ದಿನಕ್ಕೆ ಆ ಬಟ್ಟಲಿನಲ್ಲಿ ಕೆಸರು ಕೂರುತ್ತದೆ. ಅದನ್ನು ಸಂಜೆ ತೊಳೆಯಲು ಹತ್ತು ನಿಮಿಷ ಸಾಕು. ತೊಳೆಯದಿದ್ದರೆ ಪಿಸ್ಟನ್ ರಿಂಗು ಬದಲಿಸಬೇಕು, ಅದಕ್ಕೆ ಒಂದು ಹಂಗಾಮು ಹೋಗುತ್ತದೆ. ಆಯುಧಪೂಜೆಗೆ ಗಾಡಿ ತೊಳೆದು, ಗ್ರೀಸ್ ಹೊಡೆದು, ಕುಂಬಳಕಾಯಿ ಒಡೆಯುವ ಮನೆಗಳಲ್ಲೂ ಗಂಟೆ ತೋರುವ ಮೀಟರಿನ ಕಡೆ ಕಣ್ಣು ಹಾಯಿಸುವುದು ಕಡಿಮೆ. ಕೈಪಿಡಿಗಳು ಆಯಿಲ್ ಬದಲಾವಣೆಗೆ ಕೊಡುವ ಲೆಕ್ಕ ಗಂಟೆಯದು, ಹಬ್ಬದ್ದಲ್ಲ. ಬಿತ್ತನೆಯ ಕಾಲದಲ್ಲಿ ಬಾಡಿಗೆಗೆ ಹಗಲು ರಾತ್ರಿ ಓಡುವ ಗಾಡಿ ಒಂದು ತಿಂಗಳಲ್ಲೇ ಆ ಗಂಟೆ ಮುಟ್ಟುತ್ತದೆ.

ಬ್ಯಾನರ್ ಲೇನ್ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಜೋಡಣೆಯ ಅಳತೆಗಳು ಮಾತ್ರ ಅಂತರರಾಷ್ಟ್ರೀಯ ಮಾನಕವಾಗಿ ಉಳಿದುಕೊಂಡಿವೆ. ಸಣ್ಣ ಟ್ರ್ಯಾಕ್ಟರುಗಳ ದರ್ಜೆಯಲ್ಲಿ ಇಂದೂ ಕೆಳಗಿನ ಪಿನ್ನು 22 ಮಿಲಿಮೀಟರ್, ಟಾಪ್ ಲಿಂಕಿನದು 19. ಫರ್ಗುಸನ್ನಿನ ಏಳೆಂಟಾಂಶ (7/8) ಮತ್ತು ಮುಕ್ಕಾಲು ಅಂಗುಲಗಳೇ ಅವು. ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಬೆಸುಗೆ ಹಾಕಿದ ಐದು ಹಲ್ಲಿನ ಕಲ್ಟಿವೇಟರನ್ನು 1946ರ ಬೂದು ಟ್ರ್ಯಾಕ್ಟರಿನ ಹಿಂದೆ ತಂದಿಟ್ಟರೆ ಪಿನ್ನು ಹಾಕಿ ಉಳಬಹುದು. ರೋಟವೇಟರ್ ಕಟ್ಟಬೇಕೆಂದರೆ ಸ್ವಲ್ಪ ಕೆಲಸವಿದೆ: ಹಳೆಯ ಪಿಟಿಒ ದಂಡ ಇಂದಿನದಕ್ಕಿಂತ ಕಾಲಂಗುಲ ಸಪೂರ, ಅದಕ್ಕೊಂದು ತೋಳು ತೊಡಿಸಬೇಕು. ಜೊತೆಗೆ ಆ ವೇಗ ತಗ್ಗಿಸುವ ಗೇರ್‌ಬಾಕ್ಸನ್ನೂ ಎಲ್ಲಿಂದಾದರೂ ಹುಡುಕಿ ತರಬೇಕು.